ಎರಡು ಗೆರೆ ಬಂದ ಮೇಲೂ ರಕ್ತಪರೀಕ್ಷೆ ಯಾಕೆ?

ಹೊಸನಗರದ ಕಡೆಯ ಹೆಣ್ಣುಮಗಳು. ಕೊನೆಯ ಮುಟ್ಟಿನಿಂದ ಆರು ವಾರ, ಬಲಗಡೆ ಕಿಬ್ಬೊಟ್ಟೆ ನೋವು, ಕಂದು ಬಣ್ಣದ ಸ್ರಾವ. ಮೂತ್ರದ ಗರ್ಭಪರೀಕ್ಷೆಯ ಕಿಟ್ಟಿನಲ್ಲಿ ಎರಡು ಗೆರೆ. ಜೊತೆಗಿದ್ದ ಅತ್ತೆ ಕೇಳಿದರು, “ಎರಡು ಗೆರೆ ಬಂದಾಯ್ತಲ್ಲ ಡಾಕ್ಟ್ರೇ, ಮತ್ಯಾಕೆ ರಕ್ತ?” ಗೆರೆಯಿಂದ ಗರ್ಭದ ಹಾರ್ಮೋನ್ (ಬೀಟಾ ಎಚ್‌ಸಿಜಿ) ಇದೆಯೆಂದು ಗೊತ್ತಾಗುತ್ತದೆ, ಎಷ್ಟಿದೆ ಎಂದಲ್ಲ. ನಮಗೆ ಬೇಕಿದ್ದದ್ದು ಎರಡು ದಿನದಲ್ಲಿ ಅದೆಷ್ಟು ಏರುತ್ತದೆ ಎಂಬ ಲೆಕ್ಕ.

ಮೊದಲ ಬೀಟಾ ಎಚ್‌ಸಿಜಿ 1,180. ಯೋನಿಯ ಒಳಗಿನಿಂದ ಮಾಡಿದ ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ. ಇಷ್ಟಕ್ಕೇ ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ನಿಂತಿದೆ ಎನ್ನುವಂತಿಲ್ಲ. ಈ ಮಟ್ಟದಲ್ಲಿ ಸರಿಯಾದ ಗರ್ಭವೂ ಕಾಣದಿರಬಹುದು. 3,500 ದಾಟಿಯೂ ಗರ್ಭಕೋಶದಲ್ಲಿ ಗರ್ಭಚೀಲ ಕಾಣದಿದ್ದರೆ ಅನುಮಾನ ಗಟ್ಟಿ. ಹಿಂದೆ 1,500ಕ್ಕೇ ಮಿತಿ ಹಾಕುತ್ತಿದ್ದರು. ಆ ಅವಸರದಲ್ಲಿ ಒಳ್ಳೆಯ ಗರ್ಭಕ್ಕೇ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಔಷಧ ಬೀಳುವ ಅಪಾಯವಿತ್ತು.

48 ಗಂಟೆ ಕಾಯಬೇಕು. ಆಷಾಢದ ಮಳೆ, ಮರ ಬಿದ್ದು ಯಾವ ರಸ್ತೆ ಯಾವಾಗ ಕಟ್ಟುತ್ತದೋ ಹೇಳಲಾಗದು. ಶಿವಮೊಗ್ಗದ ನೆಂಟರ ಮನೆಯಲ್ಲೇ ಉಳಿಯಲು ಹೇಳಿದೆವು. ಎರಡನೇ ಸ್ಯಾಂಪಲ್ಲನ್ನು ಊರಿನ ಲ್ಯಾಬಿಗೆ ಕೊಡುವುದೂ ಬೇಡವೆಂದೆವು. ಯಂತ್ರ, ಕಿಟ್ ಬೇರೆಯಾದರೆ ಅದೇ ರಕ್ತಕ್ಕೆ ಬೇರೆ ಅಂಕಿ ಬರುತ್ತದೆ, ಹೋಲಿಕೆಯೇ ಕೆಡುತ್ತದೆ.

ಎರಡನೆಯದು 1,460. ಏರಿಕೆ ಸುಮಾರು 24%. ಎರಡು ದಿನಕ್ಕೆ ದುಪ್ಪಟ್ಟಾಗಲೇಬೇಕು ಎಂಬ ಮಾತು ಸರಿಯಲ್ಲ. ಆದರೆ 1,500ರ ಒಳಗಿದ್ದಾಗ ಕನಿಷ್ಠ 49% ಏರಬೇಕು, ಅಂದರೆ 1,758ರ ಹತ್ತಿರ ಬರಬೇಕಿತ್ತು. ಗರ್ಭ ಸರಿಯಿಲ್ಲ ಎಂಬುದಷ್ಟೇ ಇದರಿಂದ ತಿಳಿಯಿತು. ಗರ್ಭಪಾತವಾಗುವಾಗಲೂ ಹೀಗಾಗುತ್ತದೆ. ನಾಳದ ಗರ್ಭದಲ್ಲಿ ಸುಮಾರು ಐದರಲ್ಲೊಂದು ಸಹಜವಾಗಿಯೇ ಏರಿ ಏಮಾರಿಸುವುದೂ ಉಂಟು. ಗರ್ಭ ನಿಂತ ಜಾಗ ಸಿಕ್ಕಿದ್ದು ಮರುಸ್ಕ್ಯಾನಿನಲ್ಲಿ: ಬಲ ಅಂಡಾಶಯದ ಪಕ್ಕ ಎರಡು ಸೆಂಟಿಮೀಟರ್ ಗಡ್ಡೆ, ಹೃದಯ ಬಡಿತವಿಲ್ಲ, ಹೊಟ್ಟೆಯಲ್ಲಿ ರಕ್ತವಿಲ್ಲ.

ಅಂಕಿ ಕಡಿಮೆಯೆಂದು ನೆಮ್ಮದಿ ಪಡಬಾರದು. ಕೆಲವೇ ನೂರು ಇದ್ದಾಗಲೂ ನಾಳ ಒಡೆಯಬಹುದು. ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ರಕ್ತದ ಗುಂಪು, ಲಿವರ್, ಕಿಡ್ನಿ ನೋಡಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟೆವು. ನಾಲ್ಕನೇ ದಿನ 1,610! ಮನೆಯವರು ಗಾಬರಿ. ಮೊದಲು ಏರುವುದು ಸಾಮಾನ್ಯ. ನೋಡಬೇಕಾದ್ದು ನಾಲ್ಕರಿಂದ ಏಳನೇ ದಿನಕ್ಕೆ ಕನಿಷ್ಠ 15% ಇಳಿಯಿತೇ ಎಂದು. ಏಳನೇ ದಿನ 1,190. ಆಮೇಲೆ ಸೊನ್ನೆಯ ಹತ್ತಿರ ಇಳಿಯುವವರೆಗೆ ವಾರಕ್ಕೊಮ್ಮೆ ರಕ್ತ. ಇನ್ನೊಂದು: ಮೊದಲೇ ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಮನೆಯಲ್ಲಿರುತ್ತದೆ, ಅದನ್ನು ನಿಲ್ಲಿಸಿರೆಂದು ಬಿಡಿಸಿ ಹೇಳಬೇಕು. ಅದು ಈ ಇಂಜೆಕ್ಷನ್ನಿನ ಕೆಲಸಕ್ಕೇ ಅಡ್ಡಿ.