ಉಲ್ಟಾ ಥ್ರೆಡ್

2025 ಸೆಪ್ಟೆಂಬರ್ 2, ಮಂಗಳವಾರ ರಾತ್ರಿ

ನಾಳೆ ಕೈಲ್‌ಪೊಳ್ದ್, ಕೊಡಗಿನ ಆಯುಧಪೂಜೆಯ ಹಬ್ಬ. ಕೋವಿ ಒರೆಸಿ ಎಣ್ಣೆ ಸವರಿ ಇಟ್ಟಾಯಿತು. ಕೋವಿಗೆ ಸಿಕ್ಕಿಸುವ ತೋಕ್ ಪೂವನ್ನು ಬೆಳಿಗ್ಗೆ ಬೇಲಿಯಿಂದ ಕಿತ್ತರೆ ಸಾಕು. ಅತ್ತಿಗೆ ಕಡುಂಬುಟ್ಟಿನ ಉಂಡೆಗೆ ಅಕ್ಕಿ ತರಿ ಮಾಡಿಸಿಟ್ಟಿದ್ದಾಳೆ. ಜೀಪು ಮಾತ್ರ ಶೆಡ್ಡಿನಲ್ಲಿ ಮೂರು ಕಾಲಿನ ಮೇಲಿದೆ, ನಾಲ್ಕನೆಯದರ ಕೆಳಗೆ ಸಿಲ್ವರ್ ಓಕ್ ದಿಮ್ಮಿ.

ತಪ್ಪು ನನ್ನದೇ. ಹಬ್ಬಕ್ಕೆ ಮೊದಲು ಬ್ರೇಕ್ ನೋಡಿಬಿಡೋಣ ಎಂದು ಭಾನುವಾರ ಮುಂದಿನ ಎಡ ಚಕ್ರ ಬಿಚ್ಚಲು ಕುಳಿತೆ. ನಟ್ ಅಲುಗಲಿಲ್ಲ. ಮೂರು ತಿಂಗಳ ಮಳೆಗೆ ತುಕ್ಕು ಹಿಡಿದಿರಬೇಕು ಎಂದುಕೊಂಡು ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದೆ. ಮೊದಲನೆಯದು ಸ್ವಲ್ಪ ಸರಿಯಿತು, ಎರಡನೆಯದೂ ಸರಿಯಿತು. ಆಮೇಲೆ ಸಿಟ್ಟು ಬಂದು ಸುತ್ತಿಗೆ ತೆಗೆದುಕೊಂಡೆ. ಆ ಭಾಗವನ್ನು ಬರೆಯುವುದಿಲ್ಲ.

ಹಳೆಯ ವಿಲ್ಲಿಸ್ ಜೀಪಿನ ಎಡಗಡೆಯ ಚಕ್ರಗಳಿಗೆ ಉಲ್ಟಾ ಥ್ರೆಡ್, ನಟ್ಟಿನ ಎಳೆಗಳು ತಿರುವುಮುರುವಾಗಿ ಸುತ್ತಿದ್ದು. ಉರುಳುವ ಚಕ್ರ ತನ್ನ ನಟ್ಟನ್ನು ತಾನೇ ಸಡಿಲಿಸಿಕೊಳ್ಳಬಾರದೆಂದು ಮಾಡಿದ ಏರ್ಪಾಡು. ಅಂದರೆ ಬಿಚ್ಚುತ್ತಿದ್ದೇನೆ ಎಂದುಕೊಂಡು ನಾನು ಬಿಗಿಯುತ್ತಿದ್ದೆ. ಗೊತ್ತಿರಲಿಲ್ಲವೇ? ಗೊತ್ತಿತ್ತು. ಏಳನೆಯ ತರಗತಿಯಲ್ಲಿ ಸೈಕಲ್ಲಿನ ಎಡ ಪೆಡಲಿನ ಮುಂದೆ ಕೂರಿಸಿ ಅಪ್ಪ ಇದೇ ಪಾಠ ಹೇಳಿದ್ದರು. ಕೊನೆಗೆ ನಟ್ ಕೂರುವ ಬೋಲ್ಟಿನ, ಅಂದರೆ ಸ್ಟಡ್ಡಿನ, ತುದಿಯ ಮಣ್ಣು ಕೆರೆದಾಗ ಕೊರೆದ ‘ಎಲ್’ ಅಕ್ಷರ ಕಾಣಿಸಿತು. ನನ್ನನ್ನೇ ನೋಡಿ ನಗುವಂತಿತ್ತು.

ಇವತ್ತು ಬ್ರೇಕ್ ಡ್ರಮ್ ಸಮೇತ, ಚಕ್ರ ಕೂರುವ ಹಬ್ ಅನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಸಿದ್ದಾಪುರದ ಲೇತ್ ಕಾಕನ ಹತ್ತಿರ ಹೋದೆ. ದಾರಿಯಲ್ಲಿ ಒಂದು ಸ್ಪೇರ್ ಅಂಗಡಿಯಲ್ಲಿ ಹೊಸ ಸ್ಟಡ್ ಐದು ಕೊಂಡೆ. ಉಲ್ಟಾದ ರಗಳೆಯೇ ಬೇಡ, ಎಡಕ್ಕೂ ಸೀದಾ ಥ್ರೆಡ್ಡಿನದೇ ಹಾಕಿಸಿಬಿಡೋಣ ಎಂಬ ಆಲೋಚನೆ. ಬಲ ಚಕ್ರದ ನಟ್ಟೊಂದನ್ನು ಮಾದರಿಗೆ ಒಯ್ದಿದ್ದೆ. ಅದು ಹೊಸ ಸ್ಟಡ್ಡಿನ ಮೇಲೆ ಬೆಣ್ಣೆಯಂತೆ ಇಳಿಯಿತು, ಹಣ ಕೊಟ್ಟೆ.

ಕಾಕ ಅದನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಗಡಗಡ ಎಂದಿತು.

“ಇದು 12 ಮಿಲಿಮೀಟರ್. ನಿನ್ನ ಜೀಪಿನದು ಅರ್ಧ ಇಂಚು, 12.7. ಎಳೆಗಳ ಅಂತರ ಹೆಚ್ಚುಕಡಿಮೆ ಒಂದೇ. ಇದಕ್ಕೆ ಒಂದೂಕಾಲು ಮಿಲಿಮೀಟರ್, ಅದಕ್ಕೆ ಇಂಚಿಗೆ 20 ಎಳೆ. ಅದಕ್ಕೇ ಎಲ್ಲೂ ತಡೆಯದೆ ಇಳಿಯಿತು. ಕೈಯಲ್ಲಿ ಇಳಿದ ನಟ್ ತಿರುವಿನಲ್ಲಿಯೂ ಇಳಿಯುತ್ತದೆ ಮೋನೇ.”

ನಾನು ಮಾತಾಡಲಿಲ್ಲ. ಸಡಿಲವಾಗಿ ಇಳಿದದ್ದನ್ನು ಸರಿಯಾಗಿ ಕೂತಿತು ಎಂದುಕೊಂಡಿದ್ದೆ. ಅಂಗಡಿಯವನನ್ನೇನು ಬೈಯುವುದು?

ಕಾಕ ಎಳೆಗಳ ಅಂತರ ಅಳೆಯುವ ಥ್ರೆಡ್ ಗೇಜನ್ನು ಸ್ಟಡ್ಡಿಗೆ ಒತ್ತಿ ಬಾಗಿಲಿನ ಬೆಳಕಿಗೆ ಹಿಡಿದರು. ಮೂರರಲ್ಲಿ ಹಲ್ಲು ಹಲ್ಲಿಗೆ ಕೂತಿತು. ಪೈಪ್ ಹಾಕಿದ ಎರಡರಲ್ಲಿ ಮಾತ್ರ ಸಂದಿನಿಂದ ಬೆಳಕು ಕಂಡಿತು. ನನ್ನ ಭಾರಕ್ಕೆ ಕಬ್ಬಿಣವೇ ಉದ್ದವಾಗಿದೆ, ಎಳೆಗಳ ನಡುವಿನ ಅಂತರ ಹಿಗ್ಗಿದೆ.

“ಎಳೆ ಕೆಟ್ಟಿದ್ದರೆ ಸರಿಮಾಡಿ ಕೊಡುತ್ತೇನೆ. ಎಳೆದದ್ದನ್ನು ಸರಿಮಾಡುವುದಿಲ್ಲ,” ಎಂದರು.

“ಎಳೆ ಕೊರೆಯುವ ಡೈ ಹಾಕಿದರೂ ಆಗುವುದಿಲ್ಲವೇ ಕಾಕ?”

“ಉಲ್ಟಾ ಡೈ ನನ್ನ ಹತ್ತಿರ ಇಲ್ಲ. ಇದ್ದರೂ ಈ ಎರಡಕ್ಕೆ ಹಾಕುವುದಿಲ್ಲ. ಒಳಗೆ ದಣಿದ ಕಬ್ಬಿಣಕ್ಕೆ ಹೊರಗೆ ಹಲ್ಲು ಕಟ್ಟಿ ಏನು ಮಾಡುತ್ತೀ? ನಿನ್ನ ಅಪ್ಪ ಈ ಗಾಡಿಯಲ್ಲಿ ಕೂರುವವರು.”

ಮೂರನ್ನು ಸರಿಮಾಡಿದ್ದನ್ನು ನೋಡುತ್ತ ಒಂದೂವರೆ ಗಂಟೆ ಕುಳಿತೆ. ಹೊಡೆತ ತಿಂದದ್ದು ತುದಿಯ ಎಳೆಗಳು, ಬುಡದ್ದು ಚೆನ್ನಾಗಿತ್ತು. ನಮ್ಮದೇ ಒಂದು ಉಲ್ಟಾ ನಟ್ಟನ್ನು ಹ್ಯಾಕ್ಸಾದಿಂದ ಎರಡು ಹೋಳು ಮಾಡಿದರು. ಹೋಳುಗಳನ್ನು ಬುಡದ ಒಳ್ಳೆಯ ಎಳೆಗಳ ಮೇಲೆ ಕೂಡಿಸಿ, ಪೈಪ್ ರೆಂಚಿನಲ್ಲಿ ಬಿಗಿಹಿಡಿದು, ಎಣ್ಣೆ ಬಿಟ್ಟು ಹೊರಗಡೆಗೆ ತಿರುಗಿಸುತ್ತ ಬಂದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಒಳ್ಳೆಯ ಎಳೆಯ ದಾರಿ ಹಿಡಿದೇ ನಟ್ ಬರುವುದರಿಂದ ಕೆಟ್ಟ ಎಳೆ ತನ್ನ ಜಾಗಕ್ಕೆ ಮರಳುತ್ತದೆ. ಉಳಿದ ಗಂಟುಗಳಿಗೆ ಥ್ರೆಡ್ ಅರ. ಚೌಕದ ಅರ, ನಾಲ್ಕು ಮೈ, ಎರಡು ತುದಿ, ಒಟ್ಟು ಎಂಟು ಅಳತೆ. ಅರಕ್ಕೆ ಸೀದಾ ಉಲ್ಟಾ ಎಂಬ ಭೇದವಿಲ್ಲ, ಅಂತರ ಹೊಂದಿದರೆ ಸಾಕಂತೆ. ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೆಚ್ಚು ಉಜ್ಜಬೇಡಿ ಎಂದೆ, ನನಗೇನೋ ತಿಳಿದಿರುವವನಂತೆ. ಕಾಕ ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ. ಕೂಲಿ ಎಷ್ಟು ಎಂದರೆ ಎರಡು ಉಲ್ಟಾ ಸ್ಟಡ್, ಒಂದು ನಟ್ ತಂದಾಗ ಹೇಳುತ್ತೇನೆ ಎಂದರು.

ಅಮ್ಮತ್ತಿ ದಾಟುವಾಗ ಮಳೆ. ಗೋಣಿಚೀಲ ನೆನೆಯಿತು, ನಾನೂ ನೆನೆದೆ.

ಊಟದ ಹೊತ್ತಿಗೆ ಅಪ್ಪ ಮಂಚದಿಂದಲೇ ಕೇಳಿದರು: “ಶೆಡ್ಡಿನಲ್ಲಿ ಜೀಪು ಯಾಕೆ ವಾಲಿದೆ?”

“ಬ್ರೇಕ್ ನೋಡುತ್ತಿದ್ದೇನೆ ಅಪ್ಪ.”

“ಯಾವ ಕಡೆಯದು?”

“ಬಲ” ಎಂದೆ. ಯಾಕೆ ಹಾಗೆಂದೆನೋ. ಐವತ್ತು ದಾಟಿದ ಮೇಲೆಯೂ.

ಅವರು ಹೂಂ ಎಂದು ಗೋಡೆಯ ಕಡೆ ತಿರುಗಿದರು. ಕಷ್ಟವೆಂದರೆ, ಹಳೆಯ ಸ್ಟಡ್ಡುಗಳನ್ನು ಅವರು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದರು. ಅದರಲ್ಲಿ ಉಲ್ಟಾದವೂ ಇದ್ದವು, ಕೆಂಪು ನೂಲು ಸುತ್ತಿ ಬೇರೆ ಮಾಡಿದ್ದು ಚೆನ್ನಾಗಿ ನೆನಪಿದೆ. ಬಾಟಲಿ ಎಲ್ಲಿದೆ ಎಂದು ಕೇಳಿದರೆ ಯಾವ ಚಕ್ರವೆಂದು ಅವರಿಗೆ ತಕ್ಷಣ ತಿಳಿಯುತ್ತದೆ. ಅಟ್ಟದ ಮೇಲೆ, ಮೆಣಸಿನ ಚೀಲಗಳ ಹಿಂದೆ ಇರಬಹುದು. ಆದರೆ ಏಣಿ ಇರುವುದು ಅವರ ಕೋಣೆಯಲ್ಲಿ, ಅವರಿಗೋ ಇನ್ನೂ ನಿದ್ದೆ ಬಂದಂತಿಲ್ಲ, ಕೆಮ್ಮು ಕೇಳಿಸುತ್ತಿದೆ