ಗೋಡೆ ಏರಿದ ಸಾಣಿಗೆ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಅತ್ತೆ-ಮಾವ ಕಟ್ಟಿಸಿದ್ದು. ಎಲ್ಲಾ ಚೆನ್ನಾಗಿದೆ, ಆದರೆ ಗೋಡೆಯಲ್ಲಿ ಒಂದೂ ಮಾಡ ಇಲ್ಲ. ಹಳೇ ಮನೆಯ ದಪ್ಪ ಗೋಡೆಯಲ್ಲಿ ದೀಪಕ್ಕೊಂದು, ಬಾಚಣಿಕೆಗೊಂದು, ಎಲೆ-ಅಡಕೆ ಚಂಚಿಗೊಂದು ಮಾಡ ಇತ್ತಂತೆ. ಇಲ್ಲಿ ಹಾಲ್‌ನ ಉದ್ದದ ಗೋಡೆಗೆ ಒಂದು ಗಡಿಯಾರ, ಒಂದು ಕ್ಯಾಲೆಂಡರ್. ಉಳಿದದ್ದೆಲ್ಲ ಬೋಳು.

ಅಂಗಡಿಯಲ್ಲಿ ವಿಚಾರಿಸಿದೆ. ಒಂದು ಸಾದಾ ಫ್ರೇಮಿಗೆ 900 ರೂಪಾಯಿ ಅಂದರು. ಸುಮ್ನೆ ಮನೆಗೆ ಬಂದು ಟ್ರಂಕು ತೆಗೆದೆ.

ನಮ್ಮ ಕಡೆ ಹೆಣ್ಣುಮಕ್ಕಳ ಟ್ರಂಕಿನಲ್ಲಿ ಹೊಲಿಸದ ಖಣ, ಅಂದರೆ ಕುಪ್ಪಸದ ಬಟ್ಟೆ, ಇರದೆ ಇರುತ್ತಾ? ಉಡಿ ತುಂಬಿದಾಗೆಲ್ಲ ಒಂದೊಂದು ಬರುತ್ತದೆ. ಅದನ್ನೇ ಇನ್ನೊಬ್ಬರ ಉಡಿಗೆ ಹಾಕುತ್ತೇವೆ. ನಾನು ಕೊಟ್ಟ ಹಸಿರು ಖಣ ಒಂದೂವರೆ ವರ್ಷದ ಮೇಲೆ ನನ್ನ ಉಡಿಗೇ ವಾಪಸ್ ಬಂದಿದ್ದೂ ಉಂಟು. ಮೂಲೆಯಲ್ಲಿದ್ದ ಅರಿಶಿನದ ಕಲೆಯಿಂದ ಗುರುತು ಹಿಡಿದೆ! ಹೀಗೆ ಸುತ್ತಾಡುವವು ಹೆಚ್ಚಾಗಿ ಪಾಲಿಸ್ಟರ್. ಆದರೆ ನನ್ನ ಹತ್ತಿರ ಮೂರು ಅಸಲಿ ಗುಳೇದಗುಡ್ಡದವು ಇದ್ದವು. ಉದ್ದದ ಎಳೆ ಅಂದರೆ ಹಾಸು ರೇಷ್ಮೆ, ಅಡ್ಡದ ಎಳೆ ಅಂದರೆ ಹೊಕ್ಕು ಹತ್ತಿ. ಬೆಳಕಿಗೆ ಹಿಡಿದು ಓರೆ ಮಾಡಿದರೆ ಬಣ್ಣವೇ ಬದಲಾಗುತ್ತದೆ.

ಫ್ರೇಮಿಗೆ ಏನು ಮಾಡುವುದು? ಅಟ್ಟದ ಮೇಲೆ ಹಿಟ್ಟು ಜರಡಿ ಹಿಡಿಯುವ ಒಂದು ಹಳೇ ಸಾಣಿಗೆ ಕಂಡಿತು. ಜಾಳಿಗೆ ಒಂದು ಕಡೆ ಕಿತ್ತಿತ್ತು. ಗುಜರಿಯವನ ಹತ್ತಿರ ಇನ್ನೆರಡು ಸಿಕ್ಕವು, ಎರಡಕ್ಕೂ ಸೇರಿ 40 ರೂಪಾಯಿ. ಜಾಳಿಗೆ ಕಿತ್ತು, ತಗಡಿನ ಬಳೆಗಳನ್ನು ಉಜ್ಜಿ ತೊಳೆದು, ಖಣವನ್ನು ಬಿಗಿಯಾಗಿ ಎಳೆದು ಹಿಂದೆ ಅಂಟಿಸಿದೆ. ಫೆವಿಕಾಲ್ ಅಂಚಿನ ಒಳಗಡೆ ಮಾತ್ರ ಇರಬೇಕು. ಮುಂದೆ ಒಂದು ಹನಿ ಬಿದ್ದರೂ ರೇಷ್ಮೆ ಮೇಲೆ ಕಲೆ ಕೂಡುತ್ತದೆ. ಮೊದಲನೆಯದರಲ್ಲಿ ಕೂತಿದೆ, ಅದನ್ನು ಗಡಿಯಾರದ ಕೆಳಗೆ ಮರೆಮಾಡಿದ್ದೇನೆ.

ಎರಡೂ ಬದಿ ಅಂಟುವ ಟೇಪು ನಂಬಬೇಡಿ. ನಮ್ಮ ಊರಿನ ಬೇಸಿಗೆಗೆ ಅದು ಮಧ್ಯಾಹ್ನದ ಹೊತ್ತಿಗೆ ಕರಗಿ, ಸುಣ್ಣದ ಹೊಪ್ಪಳಿಕೆ ಸಮೇತ ಕೆಳಗೆ ಬರುತ್ತದೆ. ಕೊನೆಗೆ ಮೊಳೆಯನ್ನೇ ಹೊಡೆದೆ.

ಅದೇ ವಾರ ಬಿಸ್ಕೀಟಿನ ಹುಚ್ಚೂ ಹಿಡಿದಿತ್ತು. ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಬೋಗುಣಿಗೆ ಒಂದು ಕೇಜಿ ಹರಳುಪ್ಪು ಸುರಿದು, ಮೇಲೆ ಸ್ಟ್ಯಾಂಡಿಟ್ಟು, ಮುಚ್ಚಿ ಹದಿನೈದು ನಿಮಿಷ ಕಾಯಿಸಿದರೆ ಅದೇ ಓವನ್. ಮೈದಾ ಬೇಡ, ಜೋಳದ ಹಿಟ್ಟಿನಲ್ಲೇ ಮಾಡೋಣ ಅಂತ ಹಟ. ಒಂದು ವಾಟಿ ಹಿಟ್ಟು, ಅರ್ಧ ವಾಟಿ ತುಪ್ಪ, ಅರ್ಧ ವಾಟಿ ಬೆಲ್ಲದ ಪುಡಿ. ಬೆಂದಿತು, ಘಮ್ ಅಂತು, ಕೈಗೆ ತೆಗೆದುಕೊಂಡರೆ ಪುಡಿ ಪುಡಿ. ಮಗ ಅದನ್ನು ಚಮಚದಲ್ಲಿ ತಿಂದ.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಕೇಳಿದರು, "ಎಸರು ಹಾಕೀಯೇನ?"

ಎಸರು! ದಿನಾ ರೊಟ್ಟಿ ಬಡಿಯುವ ನನಗೆ ಹೊಳೆದಿರಲಿಲ್ಲ. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ, ಜಿಗಿ ಬರುವುದು ಕುದಿಯುವ ನೀರು ಬಿದ್ದಾಗಲೇ. ಮರುದಿನ ಕಾಲು ವಾಟಿ ಹಿಟ್ಟಿಗೆ ಎಸರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ, ಆರಿಸಿ, ತುಪ್ಪ-ಬೆಲ್ಲದ ಜೊತೆ ಉಳಿದ ಹಿಟ್ಟಿಗೆ ಕಲಸಿದೆ. ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ನಿಂತವು. ಇನ್ನೊಂದು ಸಲ ಬೆಲ್ಲ ಬಿಟ್ಟು, ಉಪ್ಪು ಮತ್ತು ಎರಡು ಚಮಚ ಗುರೆಳ್ಳಿನ ಚಟ್ನಿಪುಡಿ ಹಾಕಿದೆ. ಕಪ್ಪಗೆ ಕಾಣುತ್ತವೆ, ಚಹಾಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಿಲ್ಲ. ಅಮೀನಗಡದ ಕರದಂಟಿನ ಚೂರು ಹಾಕಿದ್ದು ಮಾತ್ರ ದೊಡ್ಡ ತಪ್ಪು. ಅದರ ಬೆಲ್ಲ ಕರಗಿ, ಆರಿದ ಮೇಲೆ ಕಲ್ಲಾಯಿತು. ಮಾವನವರು ಹಲ್ಲಿನ ಸೆಟ್ ತೆಗೆದಿಟ್ಟು ನನ್ನ ಮುಖ ನೋಡಿದರು.

"ಇನ್ನಷ್ಟು ನುಣ್ಣಗ ಆಗಬೇಕಂದ್ರ ಹಿಟ್ಟು ಸಾಣಿಸು," ಅಂದರು ಅತ್ತೆ. "ನನ್ನ ಸಣ್ಣ ಸಾಣಿಗಿ ಅಟ್ಟದ ಮ್ಯಾಲೆ ಐತಿ. ಜಾಳಿಗಿ ಹೊಲಿಸಬೇಕಂತ ಇಟ್ಟೀನಿ."

ನಾನು ಸುಮ್ಮನೆ ಗೋಡೆ ಕಡೆ ನೋಡಿದೆ. ಅವರೂ ನೋಡಿದರು.

"ಅಯ್ಯ, ಹಿಟ್ಟೇನು ಗ್ವಾಡಿಗೆ ನಿಂತು ಸಾಣಿಸಬೇಕೇನ ಈಗ?"

ಹೊಸ ಸಾಣಿಗೆಗೆ 150 ರೂಪಾಯಿ ಆಯಿತು. ಅದನ್ನೂ ಗೋಡೆ ಖರ್ಚಿಗೇ ಬರೆದುಕೊಂಡಿದ್ದೇನೆ. ಒಟ್ಟು 240, ಫೆವಿಕಾಲ್ ಮತ್ತು ಮೊಳೆ ಸೇರಿ.

ಸಂಜೆ ಅತ್ತೆ ಕನ್ನಡಕ ಹಾಕಿಕೊಂಡು ಗೋಡೆ ಹತ್ತಿರ ನಿಂತರು. ಬೈಯುತ್ತಾರೆ ಅಂದುಕೊಂಡೆ. ತಮ್ಮ ಸಾಣಿಗೆಯ ಅಂಚಿನ ಮೇಲೆ ಬೆರಳಾಡಿಸಿದರು, ಖಣದ ತೇರಿನ ಬುಟ್ಟಾ ನೋಡಿದರು, ಕತ್ತು ವಾಲಿಸಿ ಇನ್ನೊಮ್ಮೆ ನೋಡಿದರು.

"ಚಂದ ಆಗೇತಿ. ಆದ್ರ ತೇರಿನ ಗಾಲಿ ಮ್ಯಾಲಕ್ಕ ಅದಾವಲ್ಲ?"

ಎರಡು ವಾರ ದಿನಾ ನೋಡಿದ್ದೆ, ನನಗೆ ಕಂಡಿರಲಿಲ್ಲ. ತಿರುಗಿಸೋಣ ಅಂದರೆ ಕೊಕ್ಕೆ ಈಗಾಗಲೇ ಅಂಟಿ ಗಟ್ಟಿಯಾಗಿದೆ. ಹಾಗೇ ಬಿಟ್ಟಿದ್ದೇನೆ.