ಹ್ಯಾಂಡ್‌ಬ್ರೇಕ್ ಎಳೆದಿತ್ತು, ಗೇರೂ ಹಾಕಿತ್ತು

ಇದು ಆಗಿ ಒಂದು ವರ್ಷವಾಗುತ್ತಾ ಬಂತು. ಈಗಲೂ ಜೀಪಿನ ಅಡಿಗೆ ಹೋಗಿ ಮಲಗಿದ ಕೂಡಲೇ ಎಡಗೈ ಮಣಿಕಟ್ಟಿನಲ್ಲಿ ಸಣ್ಣಗೆ ನೋವು ಶುರುವಾಗುತ್ತದೆ. ಮೂಳೆಯೇನೂ ಮುರಿದಿರಲಿಲ್ಲ. ಆದರೂ ನೋಯುತ್ತದೆ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಡ್ರೈವರ್. ಡ್ರೈವರ್ ಅಂತ ಹೆಸರು, ಜೀಪಿನ ರಿಪೇರಿಯೂ ನನ್ನದೇ. ತೋಟದ ಜೀಪು 1992ರ ಮಹೀಂದ್ರ ಎಂಎಂ 540. 2112 ಸಿಸಿಯ ಪ್ಯೂಜೊ ಡೀಸೆಲ್ ಇಂಜಿನ್. ಚಳಿಗಾಲದ ಬೆಳಿಗ್ಗೆ ಇಂಜಿನ್ನಿನ ಹೀಟರ್ ಬಿಸಿಯಾಗುವ ತನಕ ತಾಳ್ಮೆ ಬೇಕು. ಒಮ್ಮೆ ಸ್ಟಾರ್ಟ್ ಆದರೆ ಸಂಜೆ ತನಕ ತಕರಾರಿಲ್ಲ. ಹದಿನೇಳು ವರ್ಷದಿಂದ ಈ ಗಾಡಿಯ ಒಂದೊಂದು ಬೋಲ್ಟೂ ನನ್ನ ಕೈಯಲ್ಲಿ ಬಿಚ್ಚಿ ಹಾಕಿದ್ದೇ. ಹಾಗಾಗಿ ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. ಅವತ್ತು ಆಗಿದ್ದಕ್ಕೆ ಜೀಪನ್ನು ಬೈಯುವ ಹಾಗಿಲ್ಲ. ತಪ್ಪು ನನ್ನದು.

ಡಿಸೆಂಬರ್ ಕೊನೆ. ಅರೇಬಿಕಾ ಹಣ್ಣು ಕೊಯ್ಲು ಜೋರಾಗಿತ್ತು. ದಿನಕ್ಕೆ ಮೂರು ನಾಲ್ಕು ಟ್ರಿಪ್ ಹಣ್ಣಿನ ಮೂಟೆ, ಸಂಜೆ ಲೈನ್ ಮನೆಗೆ ಆಳುಗಳು, ರಾತ್ರಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಡೀಸೆಲ್. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಉದ್ದನೆಯ ದಂಡ, ಅಂದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನಲ್ಲಿ ವಾರದಿಂದ ಸದ್ದು ಶುರುವಾಗಿತ್ತು. ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ ಒಂದು 'ಟಣ್'. ಶಾಫ್ಟಿನ ತುದಿಯ ಕೀಲಿನೊಳಗಿನ ಯುಜೆ ಕ್ರಾಸ್ ಹೋಗಿದೆ ಅಂತ ಗೊತ್ತಾಯಿತು. ಮೇನೇಜರಿಗೆ ಹೇಳಿದೆ. "ಪಿಕಿಂಗ್ ಮುಗೀಲಿ, ಆಮೇಲೆ ನೋಡೋಣ" ಅಂದರು. ಎರಡು ದಿನ ಬಿಟ್ಟು ಮತ್ತೆ ಹೇಳಿದೆ. ಅದೇ ಮಾತು. ಕ್ರಾಸ್ ತುಂಡಾಗಿ ಶಾಫ್ಟ್ ನೆಲಕ್ಕೆ ಬಡಿದರೆ ಮೂಟೆ ಹೊತ್ತ ಜೀಪು ಏರಿನಲ್ಲಿ ಏನಾಗುತ್ತದೆ ಅಂತ ಆಫೀಸಿನಲ್ಲಿ ಕೂತವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ಚಿಲ್ಲರೆ ಖರ್ಚಿನಲ್ಲಿ ದುಡ್ಡು ತಗೊಂಡೆ. ಮೂಡಿಗೆರೆಗೆ ಹೋಗಿ ಕ್ರಾಸ್ ತಂದೆ.

ಇನ್ನೊಂದು ವಿಷಯ ಹೇಳಬೇಕು. ಆ ಕ್ರಾಸ್ ಬೇಗ ಹೋಗಿದ್ದಕ್ಕೂ ನಾನೇ ಕಾರಣ. ಮೂಟೆ ಜಾಸ್ತಿ ಹಾಕ್ತಾರೆ, ಹಿಂಭಾಗ ಕೂರುತ್ತದೆ ಅಂತ ಎರಡು ವರ್ಷದ ಹಿಂದೆ ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಸೇರಿಸಿದ್ದೆ. ಜೀಪು ಹಿಂದೆ ಎತ್ತರವಾಯಿತು. ಎತ್ತರವಾದ ಹಾಗೆ ಶಾಫ್ಟ್ ಓರೆಯಾಗಿ ತಿರುಗುತ್ತದೆ. ಕ್ರಾಸಿನ ಮೇಲೆ ಒತ್ತಡ ಹೆಚ್ಚುತ್ತದೆ. ಹಳ್ಳದ ನೀರಲ್ಲಿ ದಿನಾ ಓಡಾಟ ಬೇರೆ. ಗ್ರೀಸ್ ಹೊಡೆಯುವುದನ್ನು ಕೊಯ್ಲಿನ ಗಡಿಬಿಡಿಯಲ್ಲಿ ನಾನೂ ಮರೆತಿದ್ದೆ.

ಮಲೆನಾಡಿನಲ್ಲಿ ಜೀಪಿನ ಕೆಲಸ ಮಾಡುವವರಿಗೆ ಗೊತ್ತು, ನಮಗೆ ಸಮತಟ್ಟಾದ ಜಾಗವೇ ಸಿಗುವುದಿಲ್ಲ. ತೋಟದಲ್ಲಿ ಸಿಮೆಂಟ್ ಹಾಕಿದ ಸಮ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ. ಕೊಯ್ಲಿನಲ್ಲಿ ಅದರ ತುಂಬ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿರುತ್ತದೆ. ಶೆಡ್ಡಿನಲ್ಲಿ ಗೋಣಿಚೀಲದ ರಾಶಿ. ರಿಪೇರಿಗೆ ಅಂತ ಹತ್ತು ಅಡಿ ಸಿಮೆಂಟ್ ನೆಲ ಮಾಡಿಸಿಕೊಡಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಹಾಗಾಗಿ ನಮ್ಮ ಮನೆ ಅಂಗಳವೇ ಗ್ಯಾರೇಜು. ಅಂಗಳ ಕೊಟ್ಟಿಗೆ ಕಡೆಗೆ ಇಳಿಜಾರು. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ನೀರು ಚೆಲ್ಲಿದರೆ ಗೊತ್ತಾಗುತ್ತದೆ.

ಸಂಜೆ ಆರೂವರೆ. ಬೆಳಿಗ್ಗೆ ಆರಕ್ಕೆ ಜೀಪು ಮತ್ತೆ ತೋಟದಲ್ಲಿರಬೇಕು. ಮುಖ ಮನೆ ಕಡೆ, ಬೆನ್ನು ಕೊಟ್ಟಿಗೆ ಕಡೆ ಮಾಡಿ ನಿಲ್ಲಿಸಿದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಹಾಗೆ ಫೋರ್‌ವೀಲ್ ಲಿವರ್ ಹಾಕಿದೆ. ಲೋ ಹಾಕಿದೆ. ಫಸ್ಟ್ ಗೇರ್ ಹಾಕಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಪಲ್ಪರಿನಲ್ಲಿ ಕೆಲಸ ಮಾಡುವ ಹುಡುಗ ಸಹಾಯಕ್ಕೆ ಬಂದಿದ್ದ. ಹತ್ತೊಂಬತ್ತು ವರ್ಷ, ಜೀಪಿನ ಕೆಲಸ ಕಲಿಯಬೇಕು ಅಂತ ಬಹಳ ಆಸೆ. ಅವನ ಕೈಗೆ ಟಾರ್ಚ್ ಕೊಟ್ಟೆ. "ಹಿಂದೆ ನಿಂತ್ಕೋ, ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ ಬೆಳಕು ಬಿಡು" ಅಂದೆ.

ಆ ಜಾಗ ತೋರಿಸಿದ್ದು ನಾನು. ಇದನ್ನು ಎಷ್ಟು ಸಲ ನೆನೆಸಿಕೊಂಡೆನೋ ಲೆಕ್ಕವಿಲ್ಲ.

ಗೋಣಿಚೀಲ ಹಾಸಿ ಪಕ್ಕದಿಂದ ಒಳಗೆ ಸರಿದೆ. ತಲೆ ಶಾಫ್ಟಿನ ಕೆಳಗೆ, ಕಾಲು ಹೊರಗೆ, ಹಿಂದಿನ ಚಕ್ರದ ಮುಂದೆ. ಕ್ರಾಸಿನ ಸುತ್ತ ಕೆಂಪು ಪುಡಿ ಅಂಟಿತ್ತು. ಒಳಗಿನ ಸೂಜಿ ರೋಲರುಗಳು ಗ್ರೀಸಿಲ್ಲದೆ ತುಕ್ಕು ಹಿಡಿದು ತೇಯ್ದರೆ ಹೀಗೇ ಕುಂಕುಮದ ಹಾಗೆ ಪುಡಿ ಉದುರುತ್ತದೆ. ಬೆರಳಲ್ಲಿ ಒರೆಸಿ ನೋಡಿದೆ. ಆಮೇಲೆ ಶಾಫ್ಟನ್ನು ಹಿಡಿದು ಅಲ್ಲಾಡಿಸಿದೆ. ಯಾವಾಗಲೂ ಆ ಕಡೆ ಈ ಕಡೆ ಸ್ವಲ್ಪ ಆಡುತ್ತದೆ, ಹಳೇ ಗಾಡಿ ಅಲ್ವಾ. ಅವತ್ತು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ತಂತಿ ಬಿಗಿದ ಹಾಗಿತ್ತು.

ಅಲ್ಲಿ ನಿಲ್ಲಬೇಕಿತ್ತು. ಶಾಫ್ಟ್ ಹಾಗೆ ಬಿಗಿದುಕೊಂಡಿದೆ ಅಂದರೆ ಗಾಡಿಯ ಇಡೀ ಭಾರ ಅದರ ಮೇಲಿದೆ ಅಂತ ಅರ್ಥ. ನನಗೆ ಹೊಳೆದಿದ್ದು ಮಾತ್ರ "ಮಣ್ಣು ಕೂತು ಗಟ್ಟಿಯಾಗಿದೆ" ಅನ್ನುವುದು. ಹೊಟ್ಟೆ ಹಸಿದಿತ್ತು, ಬೆಳಿಗ್ಗೆಯ ಟ್ರಿಪ್ ತಲೆಯಲ್ಲಿತ್ತು. ಸುಮ್ನೆ ಸ್ಪಾನರ್ ಹಾಕಿದೆ.

ಪಿನಿಯನ್ ಕಡೆಯ, ಅಂದರೆ ಶಾಫ್ಟ್ ಹಿಂದಿನ ಆಕ್ಸಲ್ಲಿಗೆ ಸೇರುವ ಕಡೆಯ, ಒಂದು ಯು-ಬೋಲ್ಟ್ ಸುಲಭವಾಗಿ ಬಂತು. ಎರಡನೆಯದು ಹಟ ಮಾಡಿತು. ನಟ್ ಬಿಚ್ಚಿದರೂ ಬೋಲ್ಟ್ ಕಚ್ಚಿಕೊಂಡೇ ಇತ್ತು. ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟೆ, ಬರಲಿಲ್ಲ. ಇನ್ನೊಂದು ಕೊಟ್ಟೆ. ಟಪ್ ಅಂತ ಬೋಲ್ಟ್ ಹಾರಿತು. ಶಾಫ್ಟ್ ಒಮ್ಮೆ ತಿರುಚಿಕೊಂಡು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

ಆಮೇಲಿನದ್ದು ಎಂಟೋ ಹತ್ತೋ ಸೆಕೆಂಡ್ ಇರಬಹುದು. ನನಗೆ ಒಂದೊಂದೂ ಬೇರೆ ಬೇರೆಯಾಗಿ ನೆನಪಿದೆ. ಮೊದಲು ಏನೂ ಆಗಲಿಲ್ಲ. ನೋವಿಗೆ ಹಲ್ಲು ಕಚ್ಚಿದ್ದೆ. ಆಮೇಲೆ ಮೇಲಿದ್ದ ಡೀಸೆಲ್ ಪೈಪು ನಿಧಾನವಾಗಿ ಸರಿಯಿತು. ನಾನೇ ಜಾರುತ್ತಿದ್ದೇನೆ ಅನ್ನಿಸಿತು. ಪಕ್ಕಕ್ಕೆ ನೋಡಿದರೆ ಹಿಂದಿನ ಚಕ್ರ ಕಾಲಿನಿಂದ ದೂರ ಹೋಗುತ್ತಿದೆ, ಸದ್ದೇ ಇಲ್ಲ. ಇಂಜಿನ್ ಆಫ್ ಇರುವ ಜೀಪು ಹೋಗುವಾಗ ಸದ್ದು ಇರುವುದಿಲ್ಲ. ಟೈರಿನ ಅಡಿಯಲ್ಲಿ ಒಣ ಎಲೆ ಮುರಿಯುವುದು ಮಾತ್ರ ಕೇಳುತ್ತದೆ. ಹಿಂದಿನ ಚಕ್ರ ದೂರ ಹೋಯಿತು ಅಂದರೆ ಮುಂದಿನದು ಹತ್ತಿರ ಬರುತ್ತದೆ. ಹಿಮ್ಮಡಿ ಒತ್ತಿ ಹೊರಗೆ ಎಳೆದುಕೊಂಡೆ. ಮುಂದಿನ ಚಕ್ರ ಗೋಣಿಚೀಲದ ಮೇಲೆ ಹತ್ತಿ ಇಳಿಯಿತು. ಆ ಚೀಲವನ್ನು ನನ್ನ ಹೆಂಡತಿ ಎಸೆಯಲು ಬಿಟ್ಟಿಲ್ಲ. ನಾನು ಮಲಗಿದ್ದ ಜಾಗದಲ್ಲೇ ಟೈರಿನ ಹಲ್ಲು ಅಚ್ಚಾಗಿದೆ.

"ಪಕ್ಕಕ್ಕೆ ಹಾರೋ!" ಅಂತ ಕೂಗಿದೆ. ಹುಡುಗ ಹಾರಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಜೀಪು ನಿಲ್ಲಿಸಲು ಓಡಿದ. ಡ್ರೈವರ್ ಸೀಟಿನ ಕಡೆ ಬಂದು, ಒಂದು ಕಾಲು ಮೇಲಿಟ್ಟು, ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. "ಕಾಲ್ ಬ್ರೇಕ್! ಕಾಲ್ ಬ್ರೇಕ್ ಒತ್ತು!" ಅಂತ ನಾನು ಕೂಗುತ್ತಿದ್ದೇನೆ, ಅವನಿಗೆ ಕೇಳಿಸುತ್ತಿಲ್ಲ. ಅವನು ಎಳೆಯುತ್ತಲೇ ಇದ್ದ, ಜೀಪು ಅವನನ್ನೂ ಕರೆದುಕೊಂಡು ಹೋಗುತ್ತಲೇ ಇತ್ತು. ಕೊಟ್ಟಿಗೆ ಪಕ್ಕ ಸೌದೆ ಒಟ್ಟಿದ್ದೆವು. ಅದಕ್ಕೆ ಹೋಗಿ ಗುದ್ದಿತು. ಸೌದೆ ಕುಸಿಯಿತು, ಹಿಂದಿನ ಕಲ್ಲು ಕಟ್ಟೆ ತಡೆಯಿತು. ಒಳಗಿದ್ದ ದನ ಒಮ್ಮೆ ಜೋರಾಗಿ ಕೂಗಿ ಸುಮ್ಮನಾಯಿತು.

ನಾನು ಹೋಗಿ ನೋಡಿದಾಗ ಹುಡುಗ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಒಂದು ಕೈ ಇನ್ನೂ ಹ್ಯಾಂಡ್‌ಬ್ರೇಕ್ ಹಿಡಿದಿತ್ತು. ಮಂಡಿ ತರಚಿತ್ತು, ಅಷ್ಟೇ. ನಾನೇ ಬೆರಳು ಬಿಡಿಸಬೇಕಾಯಿತು.

ಆಗಿದ್ದು ಏನು ಅಂದರೆ, ನಮ್ಮ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಶುರುವಾಗುವ ಕಡೆ ಒಂದು ಡ್ರಮ್ ಇದೆ. ಅದು ಹಿಡಿಯುವುದು ಆ ಡ್ರಮ್ಮನ್ನು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ ಬಂದ ಪದ್ಧತಿ ಇದು, ಕೆಲಸಕ್ಕೆ ಗಟ್ಟಿ. ಆದರೆ ಡ್ರಮ್ಮಿನಿಂದ ಚಕ್ರದ ತನಕ ಹಿಡಿತ ಮುಟ್ಟಿಸುವುದು ಶಾಫ್ಟ್. ಗೇರಿನ ಹಿಡಿತವೂ ಅದರ ಮೂಲಕವೇ. ಶಾಫ್ಟ್ ಬಿಚ್ಚಿದರೆ ಗೇರೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿದರೂ ಅದೇ ಅಪಾಯ. ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದಲ್ಲಿರುವುದು ಉರುಳುತ್ತದೆ. ಕಾಲು ಬ್ರೇಕು ಮಾತ್ರ ನೇರವಾಗಿ ನಾಲ್ಕೂ ಚಕ್ರಕ್ಕೆ.

ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಅದಕ್ಕೇ ಅಲ್ವಾ ಫೋರ್‌ವೀಲ್ ಹಾಕಿದ್ದು. ಹಿಂದಿನ ಶಾಫ್ಟ್ ಬಿಚ್ಚಿದರೂ ಮುಂದಿನ ಶಾಫ್ಟ್ ಗೇರಿಗೆ ಸಿಕ್ಕಿಕೊಂಡು ಗಾಡಿಯನ್ನು ಹಿಡಿದಿರುತ್ತದೆ. ಇದೇ ಅಂಗಳದಲ್ಲಿ, ಇದೇ ರೀತಿ, ಹದಿನಾರು ವರ್ಷದಲ್ಲಿ ನಾಲ್ಕು ಸಲ ಕ್ರಾಸ್ ಬದಲಾಯಿಸಿದ್ದೆ. ಒಮ್ಮೆಯೂ ಜೀಪು ಒಂದು ಇಂಚು ಸರಿದಿರಲಿಲ್ಲ.

ಬದಲಾಗಿದ್ದು ಮುಂದಿನ ಹಬ್. ಆ ವರ್ಷ ಮಳೆಗಾಲ ಮುಗಿದ ಮೇಲೆ ನಾನೇ ಫ್ರೀವೀಲ್ ಹಬ್, ಅಂದರೆ ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ, ಬೇಡವಾದಾಗ ಬಿಡಿಸುವ ಹಬ್, ಹಾಕಿದ್ದೆ. ಟಾರ್ ರಸ್ತೆಯಲ್ಲಿ ಮುಂದಿನ ಆಕ್ಸಲ್ ಸುಮ್ಮನೆ ತಿರುಗುವುದು ಬೇಡ, ಸ್ಟೇರಿಂಗ್ ಹಗುರವಾಗುತ್ತದೆ, ಡೀಸೆಲ್ ಸ್ವಲ್ಪ ಉಳಿಯುತ್ತದೆ ಅಂತ. ಬಹಳ ಒಳ್ಳೆಯ ಕೆಲಸ ಅದು, ಈಗಲೂ ಹಾಗೇ ಹೇಳುತ್ತೇನೆ. ಆದರೆ ಹಬ್ ಫ್ರೀ ಇದ್ದಾಗ ಒಳಗೆ ಫೋರ್‌ವೀಲ್ ಲಿವರ್ ಹಾಕಿದರೆ ಮುಂದಿನ ಶಾಫ್ಟನ್ನು ಹಿಡಿದ ಹಾಗೆ, ಚಕ್ರವನ್ನಲ್ಲ. ಅವತ್ತು ಬೆಳಿಗ್ಗೆ ಮೂಡಿಗೆರೆಗೆ ಹೋಗುವಾಗ ಎರಡೂ ಹಬ್ ಫ್ರೀಗೆ ತಿರುಗಿಸಿದ್ದೆ. ವಾಪಸ್ ಬಂದು ಲಾಕ್ ಮಾಡಲಿಲ್ಲ. ಹದಿನಾರು ವರ್ಷದ ಅಭ್ಯಾಸದಲ್ಲಿ ಹಬ್ ಅನ್ನುವ ಮಾತೇ ಇರಲಿಲ್ಲ. ಹೊಸ ಸಾಮಾನು ಜೀಪಿಗೆ ಹಾಕಿದ್ದೆ, ತಲೆಯಲ್ಲಿ ಮಾತ್ರ ಹಳೇ ಜೀಪೇ ಇತ್ತು.

ಮನೆಯಲ್ಲಿ ಹಳೇ ಜೀಪಿಗೆ ಏನಾದರೂ ಹಾಕುವವರು ಬಹಳ ಜನ ಇದ್ದಾರೆ. ಅವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ. ಹೊಸದನ್ನು ಕೂರಿಸಿದ ದಿನವೇ, ಹಳೇ ಅಭ್ಯಾಸಗಳಲ್ಲಿ ಯಾವುದು ಇದರಿಂದ ಕೆಡುತ್ತದೆ ಅಂತ ಕೂತು ಯೋಚನೆ ಮಾಡಿ. ನಾನು ಬಾನೆಟ್ ಒಳಗೆ ಬಿಳಿ ಬಣ್ಣದಲ್ಲಿ ಬರೆದಿದ್ದೇನೆ: 'ಹಬ್ ನೋಡು.' ಶಾಫ್ಟ್ ಮುಟ್ಟುವ ಮೊದಲು ಟೂವೀಲಿಗೆ ಹಾಕಿ ಮುಂದಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಸಲೀಸಾಗಿ ತಿರುಗಿದರೆ ಹಬ್ ಫ್ರೀ ಇದೆ. ಆಮೇಲೂ ಅದನ್ನು ನಂಬುವುದಿಲ್ಲ. ಸಿಲ್ವರ್ ಓಕಿನ ದಿಮ್ಮಿಯಿಂದ ಕೊಯ್ಸಿದ, ಚಕ್ರ ಉರುಳದ ಹಾಗೆ ಕೊಡುವ ನಾಲ್ಕು ಅಡ್ಡೆ ಮರ ಯಾವಾಗಲೂ ಜೀಪಿನಲ್ಲೇ ಇರುತ್ತವೆ. ಗಾಡಿಯ ಅಡಿಯಲ್ಲಿ ಕೆಲಸ ನಡೆಯುವಾಗ ಇಳಿಜಾರಿನ ಕಡೆ ಯಾರನ್ನೂ ನಿಲ್ಲಿಸುವುದಿಲ್ಲ. ಟಾರ್ಚನ್ನು ಈಗ ತಲೆಗೆ ಕಟ್ಟಿಕೊಳ್ಳುತ್ತೇನೆ.

ಮೇನೇಜರಿಗೆ ಎಲ್ಲ ಇದ್ದ ಹಾಗೆ ಹೇಳಿದೆ. ಟೈಲ್ ಲ್ಯಾಂಪಿನ ಬಿಲ್ಲು ಪಾಸ್ ಮಾಡಿದರು. ಸಿಮೆಂಟ್ ನೆಲ ಇನ್ನೂ ಆಗಿಲ್ಲ. ಈ ವರ್ಷವೂ ಕೇಳುತ್ತೇನೆ. ಅದು ಆಗುವ ತನಕ ಕೊಯ್ಲಿನ ಸಮಯದಲ್ಲಿ ಶಾಫ್ಟಿನ ಕೆಲಸ ಬಂದರೆ ಕಣದ ಒಂದು ಮೂಲೆಯ ಕಾಫಿ ಸರಿಸಿ ಅಲ್ಲೇ ಮಾಡುತ್ತೇನೆ ಅಂತಲೂ ಹೇಳಿದ್ದೇನೆ. ಅವರಿಗೆ ಇಷ್ಟವಾಗಲಿಲ್ಲ.

ಹುಡುಗ ಮಾರನೇ ದಿನವೂ ಬಂದ, ಕೆಲಸ ಬಿಡಲಿಲ್ಲ. ಆದರೆ ಮಾತು ಕಡಿಮೆಯಾಯಿತು. ಹೆದರಿದ್ದಾನೆ, ಸರಿಹೋಗ್ತಾನೆ ಅಂದುಕೊಂಡೆ. ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಪಲ್ಪರ್ ತೊಳೆದು ಬಂದವನು ಜೀಪಿನ ಪಕ್ಕ ನಿಂತು ಕೇಳಿದ, "ಅಣ್ಣಾ, ನಾನು ಇನ್ನೂ ಗಟ್ಟಿಯಾಗಿ ಎಳೆದಿದ್ರೆ ನಿಲ್ತಿತ್ತಾ?"

ಅಷ್ಟೂ ದಿನ ಅದನ್ನು ಅವನು ಹೊತ್ತುಕೊಂಡು ಓಡಾಡಿದ್ದ. ನಾನು ಆಫೀಸಿನಲ್ಲಿ ಹೇಳಿದೆ, ಮನೆಯಲ್ಲಿ ಹೇಳಿದೆ, ಅವನಿಗೆ ಮಾತ್ರ ಬಿಡಿಸಿ ಹೇಳಿರಲಿಲ್ಲ.

ಮರುದಿನ ಭಾನುವಾರ. ಜೀಪನ್ನು ಕಣದ ಅಂಚಿಗೆ ಒಯ್ದು, ನಾಲ್ಕೂ ಚಕ್ರಕ್ಕೆ ಮರ ಕೊಟ್ಟು, ಹಿಂದಿನ ಶಾಫ್ಟ್ ಮತ್ತೆ ಬಿಚ್ಚಿದೆ. ಇಬ್ಬರೂ ಅಡಿಯಲ್ಲಿ ಮಲಗಿದೆವು. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. "ಡ್ರಮ್ ತಿರುಗಿಸು" ಅಂದೆ. ಅವನು ಎರಡೂ ಕೈ ಹಾಕಿ ತಿರುಗಿಸಲು ನೋಡಿದ, ಅಲ್ಲಾಡಲಿಲ್ಲ. "ಈಗ ಪಿನಿಯನ್ ಹಿಡಿ." ಪಿನಿಯನ್ನಿಗೂ ಡ್ರಮ್ಮಿಗೂ ನಡುವೆ ಏನೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಅವನು ಕೈ ಆಡಿಸಿದ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಮಲಗಿದ್ದ.

"ಹಾಗಾದ್ರೆ ಎಷ್ಟು ಎಳೆದ್ರೂ ಅಷ್ಟೇ."

"ಅಷ್ಟೇ ಮಾರಾಯ. ನೀನು ಸರಿಯಾಗೇ ಎಳೆದಿದ್ದೆ."

ಅವನು ತೆವಳಿಕೊಂಡು ಹೊರಗೆ ಹೋದ. ಮುಂದಿನ ಚಕ್ರದ ಹತ್ತಿರ ಕೂತು ಹಬ್ಬನ್ನು ಲಾಕಿಗೆ ತಿರುಗಿಸಿದ ಸದ್ದು ಕೇಳಿಸಿತು. ಆಮೇಲೆ ಎದ್ದು ಇನ್ನೊಂದು ಕಡೆಗೆ ಹೋದ.